ಇಲ್ಲಿಯೇ ಇರುವೆನೆಂಬ ಮಾತು

ನಮ್ಮ ಸಮಾಜದ ಮನೆಗಳಲ್ಲಿ ಈಗ ನಾಲ್ವರು ಕೂಡಿದರೆ ಮಕ್ಕಳ ವಿದೇಶವಾಸದ ಮಾತು ಬಾರದೆ ಇರುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ, ಗೃಹಪ್ರವೇಶದ ಚಪ್ಪರದಲ್ಲಿ ನಿಂತಾಗಲೂ "ನಿಮ್ಮ ಹುಡುಗನಿಗೆ ಪಿ.ಆರ್. ಆಯಿತೆ?" ಎಂಬುದೇ ಕುಶಲ ಪ್ರಶ್ನೆಯಾಗಿಬಿಟ್ಟಿದೆ. ಪಿ.ಆರ್. ಎಂದರೆ ಪರದೇಶವೊಂದರಲ್ಲಿ ಖಾಯಂ ವಾಸದ ಹಕ್ಕು. ಆ ಪ್ರಶ್ನೆಯನ್ನು ಇತರರಿಗೆ ಕೇಳಿದವರಲ್ಲಿ ನಾವೂ ಇದ್ದೇವೆ, ಕೇಳಿಸಿಕೊಂಡು ತಲೆ ತಗ್ಗಿಸಿದವರಲ್ಲಿಯೂ ಇದ್ದೇವೆ. ನಮ್ಮ ಮಗಳು 2021ರಲ್ಲಿ ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಓದಲು ಹೋದಂದಿನಿಂದ ನಾವು ಕಂಡುಂಡ ಸಂಗತಿಗಳನ್ನು ಬರೆಯಬೇಕೆಂದು ಕೆಲವು ಬಂಧುಗಳು ಒತ್ತಾಯಿಸಿದರು. ಅವರಿಗೆ ಬೇಕಾದುದು ಕಾನೂನಿನ ವಿವರ. ಅದನ್ನು ಹೇಳುವೆವು. ಆದರೆ ನಮ್ಮ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು ಸಂಗತಿ. ಅದನ್ನೂ ಹೇಳದೆ ಬಿಡಲಾರೆವು.

ನಮ್ಮದು ಹಾಸನದ ಕಡೆಯ ಆಲೂಗಡ್ಡೆ ಬೆಳೆಯುವ ಮನೆತನ. ನಾವು ಶಾಲಾ ಶಿಕ್ಷಕರಾಗಿ ನಿವೃತ್ತರಾದರೂ ಅಣ್ಣತಮ್ಮಂದಿರ ಬೇಸಾಯ ನಡೆದೇ ಇತ್ತು. ಅಂಗಮಾರಿ ರೋಗ ವರ್ಷವರ್ಷವೂ ಕಾಡತೊಡಗಿದ ಮೇಲೆ ಬಿತ್ತುವ ನೆಲ ಕಡಿಮೆಯಾಗುತ್ತ ಬಂತು. ಮಗಳು ಬಿ.ಕಾಂ. ಮುಗಿಸಿ ಹೊರದೇಶಕ್ಕೆ ಹೋಗುವೆನೆಂದಾಗ ಎರಡು ಎಕರೆ ಜಮೀನನ್ನು ಆಧಾರವಾಗಿಟ್ಟು ಸಾಲ ತಂದೆವು. ಬೆಂಗಳೂರಿನ ಸಲಹೆಗಾರರೊಬ್ಬರು ನಮ್ಮನ್ನು ಎದುರಿಗೆ ಕೂರಿಸಿಕೊಂಡು ನಕಾಶೆ ತೋರಿಸಿದರು. "ಟೊರೊಂಟೊ ಎಂದರೆ ಹೆಬ್ಬಾಗಿಲು, ಅಲ್ಲಿ ನೂಕುನುಗ್ಗಲು. ಈ ದ್ವೀಪ ಹಿತ್ತಿಲ ಬಾಗಿಲಿದ್ದಂತೆ. ಎರಡು ವರ್ಷ ಓದು, ಒಂದು ವರ್ಷ ಯಾವುದಾದರೊಂದು ಕೆಲಸ, ಕೈಗೆ ಪಿ.ಆರ್. ಬಂದೊಡನೆ ಟೊರೊಂಟೊಗೆ ಹೊರಟುಬಿಡುವುದು" ಎಂದರು. ನಾವು ತಲೆಯಾಡಿಸಿದೆವು. ಆ ಮಾತಿನಲ್ಲಿ ಅಡಗಿದ್ದ ಎರಡು ತಪ್ಪುಗಳಲ್ಲಿ ಒಂದು ನಮಗೆ ಎರಡೂವರೆ ವರ್ಷಗಳ ಮೇಲೆ ತಿಳಿಯಿತು. ಇನ್ನೊಂದನ್ನು ಮಗಳೇ ತಿಳಿಸಬೇಕಾಯಿತು.

ಹತ್ತು ಸಾವಿರ ಡಾಲರುಗಳನ್ನು ಜೀವನ ವೆಚ್ಚಕ್ಕೆಂದು ಮೊದಲೇ ಅಲ್ಲಿಯ ಬ್ಯಾಂಕಿನಲ್ಲಿ ತೋರಿಸಬೇಕಿತ್ತು. 2024ರ ಜನವರಿಯಿಂದ ಆ ಮೊತ್ತವನ್ನು ಇಮ್ಮಡಿಗಿಂತ ಹೆಚ್ಚಿಸಿರುವರು. ಅಂತೂ ಹುಡುಗಿ ಹೋದಳು.

ಈ ದ್ವೀಪ ಕೆನಡಾದ ಹತ್ತು ಪ್ರಾಂತ್ಯಗಳಲ್ಲಿ ಅತಿ ಚಿಕ್ಕದು. ವಿಸ್ತಾರದಲ್ಲಿ ನಮ್ಮ ಹಾಸನ ಜಿಲ್ಲೆಗಿಂತ ಕಿರಿದು. 2021ರ ಜನಗಣತಿಯಂತೆ ಜನಸಂಖ್ಯೆ ಒಂದೂವರೆ ಲಕ್ಷವನ್ನು ಸ್ವಲ್ಪ ಮೀರಿತ್ತು. ಇಷ್ಟು ಪುಟ್ಟ ಪ್ರಾಂತ್ಯ ಪರದೇಶದವರನ್ನು ತಾನೇ ಆರಿಸಿ ಕರೆದುಕೊಳ್ಳುವುದು ಹೇಗೆ ಎಂದು ಓದುಗರಿಗೆ ಅನ್ನಿಸಬಹುದು. ನಮ್ಮ ಸಂವಿಧಾನದಲ್ಲಿ ವಿದೇಶೀಯರ ಪ್ರವೇಶ, ಪೌರತ್ವ ಮುಂತಾದುವು ಸಂಪೂರ್ಣವಾಗಿ ಕೇಂದ್ರದ ವಿಷಯಗಳು. ಕೆನಡಾದಲ್ಲಿ ಹಾಗಲ್ಲ. ಆ ದೇಶದ ಒಕ್ಕೂಟದ ಮೊದಲ ಮಾತುಕತೆ ನಡೆದದ್ದು ಈ ದ್ವೀಪದ ರಾಜಧಾನಿ ಷಾರ್ಲಟ್‌ಟೌನಿನಲ್ಲಿಯೇ, 1864ರಲ್ಲಿ. ಮುಂದೆ 1867ರಲ್ಲಿ ಆದ ಸಂವಿಧಾನ ಕಾಯಿದೆಯ 95ನೆಯ ವಿಧಿ ಕೃಷಿ ಮತ್ತು ವಲಸೆ ಇವೆರಡರ ಮೇಲೆ ಕೇಂದ್ರಕ್ಕೂ ಪ್ರಾಂತ್ಯಗಳಿಗೂ ಕೂಡಿಯೇ ಅಧಿಕಾರ ಕೊಟ್ಟಿತು. ಕೃಷಿಯನ್ನೂ ವಲಸೆಯನ್ನೂ ಒಂದೇ ವಿಧಿಯಲ್ಲಿ ಇಟ್ಟವರ ವಿವೇಕವನ್ನು ನಾವು ಮೆಚ್ಚಿದೆವು. ನೆಲಕ್ಕೆ ಕೈಗಳು ಬೇಕೆಂಬುದು ಅವರಿಗೆ ಗೊತ್ತಿತ್ತು.

ಆದರೂ ಬಹುಕಾಲ ಆಯ್ಕೆಯೆಲ್ಲ ಕೇಂದ್ರದ ಕೈಯಲ್ಲಿಯೇ ಇದ್ದು, ಬಂದವರೆಲ್ಲ ಟೊರೊಂಟೊ, ಮಾಂಟ್ರಿಯಲ್, ವ್ಯಾಂಕೂವರ್‌ಗಳಲ್ಲಿ ನೆಲೆಸುತ್ತಿದ್ದರು. ಚಿಕ್ಕ ಪ್ರಾಂತ್ಯಗಳ ತರುಣರೂ ಕೆಲಸಕ್ಕಾಗಿ ಅತ್ತಲೇ ಹೋಗುತ್ತಿದ್ದರು. ಊರಿನಲ್ಲಿ ವೃದ್ಧರೇ ಉಳಿದರು. ಇದಕ್ಕೆ ಪರಿಹಾರವೆಂದು 1990ರ ದಶಕದ ಕೊನೆಯಲ್ಲಿ ಪ್ರಾಂತೀಯ ನಾಮನಿರ್ದೇಶನದ ಪದ್ಧತಿ ಬಂತು. ಮನಿಟೋಬಾ ಪ್ರಾಂತ್ಯ ಅದರಲ್ಲಿ ಮೇಲ್ಪಂಕ್ತಿ ಹಾಕಿಕೊಟ್ಟಿತು. ಪ್ರಾಂತ್ಯವು ತನಗೆ ಬೇಕಾದ ಕೆಲಸಗಾರನನ್ನೋ ತನ್ನಲ್ಲಿಯೇ ಓದಿದ ಪದವೀಧರನನ್ನೋ ಹೆಸರಿಸುತ್ತದೆ. ಕೇಂದ್ರವು ಆರೋಗ್ಯ, ನಡತೆಗಳನ್ನು ಪರೀಕ್ಷಿಸಿ ಖಾಯಂ ವಾಸದ ಹಕ್ಕನ್ನು ಕೊಡುತ್ತದೆ. ಪೂರ್ವದ ಸಮುದ್ರತೀರದ ನಾಲ್ಕು ಪ್ರಾಂತ್ಯಗಳಿಗೆಂದೇ 2017ರಲ್ಲಿ ಅಟ್ಲಾಂಟಿಕ್ ವಲಸೆ ಕಾರ್ಯಕ್ರಮವೆಂಬ ಇನ್ನೊಂದು ದಾರಿಯನ್ನು ಪ್ರಾಯೋಗಿಕವಾಗಿ ತೆರೆದು, 2022ರ ಜನವರಿ 1ರಿಂದ ಅದನ್ನು ಶಾಶ್ವತಗೊಳಿಸಿದರು. ನಾಮನಿರ್ದೇಶನದಲ್ಲಿ ಪ್ರಾಂತ್ಯದ ಮಾತು ಮೊದಲು. ಈ ಎರಡನೆಯದರಲ್ಲಿ ಉದ್ಯೋಗ ಕೊಡುವ ಧಣಿಯ ಮಾತು ಮೊದಲು. ಆ ಧಣಿಯೂ ಪ್ರಾಂತ್ಯದಿಂದ ಮಾನ್ಯತೆ ಪಡೆದವನಾಗಿರಬೇಕು.

ಮಗಳು ಓದುತ್ತಿದ್ದ ಎರಡನೆಯ ವರ್ಷ, 2022ರ ಸೆಪ್ಟೆಂಬರ್ 24ರಂದು, ಫಿಯೋನಾ ಎಂಬ ಚಂಡಮಾರುತ ಆ ದ್ವೀಪಕ್ಕೆ ಅಪ್ಪಳಿಸಿತು. ಮರಗಳು ಉರುಳಿ ದಿನಗಟ್ಟಲೆ ವಿದ್ಯುತ್ತಿಲ್ಲ, ದೂರವಾಣಿಯಿಲ್ಲ. ಇಲ್ಲಿ ನಾವು ಎರಡು ರಾತ್ರಿ ನಿದ್ದೆಗೆಟ್ಟೆವು. ಮೂರನೆಯ ದಿನ ಕರೆ ಬಂತು. ಅವಳಿದ್ದ ನೆಲಮಾಳಿಗೆಯ ಕೋಣೆಗೆ ನೆರೆಮನೆಯ ಮುದುಕಿ ತಾನಾಗಿ ಇಳಿದು ಬಂದು, ತನ್ನ ಅನಿಲದ ಒಲೆಯ ಬಳಿಗೆ ಕರೆದೊಯ್ದು, ಆರು ದಿನ ಊಟ ಹಾಕಿದಳಂತೆ. ಮಾಂಸ ತಿನ್ನದ ಹುಡುಗಿಯೆಂದು ತಿಳಿದು ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸಿದಳಂತೆ. ನಾವು ಅದನ್ನು ದೊಡ್ಡ ಉಪಕಾರವೆಂದುಕೊಂಡು ಮರೆತೆವು. ಮಗಳು ಮರೆತಿರಲಿಲ್ಲ.

2023ರ ಮೇ ತಿಂಗಳಲ್ಲಿ ವ್ಯವಹಾರ ಶಾಸ್ತ್ರದ ಡಿಪ್ಲೊಮಾ ಮುಗಿಯಿತು. ಎರಡು ವರ್ಷದ ಓದಿಗೆ ಮೂರು ವರ್ಷ ಕೆಲಸ ಮಾಡುವ ಪರವಾನಗಿ ಸಿಕ್ಕಿತು. ಸಲಹೆಗಾರರು ಹೇಳಿದ್ದ "ಯಾವುದಾದರೊಂದು ಕೆಲಸ" ಕಾಫಿ ಅಂಗಡಿಯ ಗಲ್ಲೆಯಲ್ಲಿ ದೊರಕಿತು. ಅಲ್ಲಿಯ ಸರಕಾರ ಎಲ್ಲ ಉದ್ಯೋಗಗಳನ್ನೂ ಸೊನ್ನೆಯಿಂದ ಐದರವರೆಗೆ ಆರು ದರ್ಜೆಗಳಲ್ಲಿ ಇಟ್ಟಿದೆ. ಮೇಲ್ವಿಚಾರಣೆಯದು ಸೊನ್ನೆ, ಗಲ್ಲೆಯಲ್ಲಿ ನಿಂತು ತಿಂಡಿ ಕೊಡುವುದು ಐದು. ಅಟ್ಲಾಂಟಿಕ್ ದಾರಿಯಲ್ಲಿ ನಾಲ್ಕರವರೆಗಿನ ದರ್ಜೆಗೆ ಮಾತ್ರ ಪ್ರವೇಶ. ಹಗಲಿರುಳು ದುಡಿದ ಕಾಲ ಆ ದಾರಿಗೆ ಲೆಕ್ಕವೇ ಇಲ್ಲ! ಪ್ರಾಂತೀಯ ನಾಮನಿರ್ದೇಶನವೊಂದೇ ಆಸೆಯಾಗಿ ಉಳಿಯಿತು.

ಅಷ್ಟರಲ್ಲಿ 2024ರ ಫೆಬ್ರವರಿಯಲ್ಲಿ ದ್ವೀಪದ ಸರಕಾರ ಆ ವರ್ಷದ ನಾಮನಿರ್ದೇಶನಗಳನ್ನು ಸುಮಾರು ಕಾಲುಭಾಗ ತಗ್ಗಿಸುವುದಾಗಿಯೂ, ಮಾರಾಟ ಮತ್ತು ಸೇವೆಯ ಕೆಲಸಗಳಲ್ಲಿದ್ದವರ ಸಂಖ್ಯೆಯನ್ನೇ ಹೆಚ್ಚಾಗಿ ಕಡಿತಗೊಳಿಸುವುದಾಗಿಯೂ ಸಾರಿತು. ದಾದಿಯರು, ಮನೆ ಕಟ್ಟುವವರು, ಶಿಶುಪಾಲಕರು ಮೊದಲು ಎಂದಿತು. ಮೇ ತಿಂಗಳಲ್ಲಿ ನಮ್ಮ ದೇಶದ ನೂರಾರು ಹುಡುಗ ಹುಡುಗಿಯರು ಷಾರ್ಲಟ್‌ಟೌನಿನಲ್ಲಿ ಧರಣಿ ಕುಳಿತರು. ಕೆಲವರು ಉಪವಾಸ ಮಾಡಿದರು. ಈಗಾಗಲೇ ಬಂದು ದುಡಿಯುತ್ತಿರುವವರಿಗೆ ಹಳೆಯ ನಿಯಮವೇ ಇರಲಿ ಎಂಬುದು ಅವರ ಬೇಡಿಕೆ. ಪರೀಕ್ಷೆ ನಡೆಯುತ್ತಿರುವಾಗ ಪ್ರಶ್ನೆಪತ್ರಿಕೆ ಬದಲಾಯಿಸುವುದು ಸರಿಯಲ್ಲವೆಂದು ಶಿಕ್ಷಕರಾಗಿದ್ದ ನಮಗೂ ಅನ್ನಿಸಿತು. ಆದರೆ ಬಾಡಿಗೆಗೆ ನೂರರಲ್ಲಿ ಒಂದು ಮನೆಯೂ ಸಲೀಸಾಗಿ ಸಿಗದ, ವೈದ್ಯರಿಗಾಗಿ ವರ್ಷಗಟ್ಟಲೆ ಕಾಯುವ ಊರಿನವರ ಕಷ್ಟವೂ ಸುಳ್ಳಲ್ಲ. ಆ ಬಾಗಿಲು ತೆರೆದದ್ದು ಅವರ ಅಗತ್ಯಕ್ಕಾಗಿ, ನಮ್ಮ ಮಕ್ಕಳ ಹಕ್ಕಿಗಾಗಿ ಅಲ್ಲ. ಇದೇ ನಾವು ಹೇಳಿದ ಮೊದಲನೆಯ ತಪ್ಪು.

ಜೂನ್ ತಿಂಗಳಲ್ಲಿ ನಾವು ದಂಪತಿಗಳು ಸಂದರ್ಶಕರ ವೀಸಾದ ಮೇಲೆ ಅಲ್ಲಿಗೆ ಹೋದೆವು. ವಿಮಾನದಿಂದ ಇಳಿಯುವಾಗಲೇ ನಮ್ಮ ಮನೆಯವರು "ಇದೇನು, ಮಣ್ಣು ಕೆಂಪಗಿದೆ!" ಎಂದರು. ದ್ವೀಪದ ಮಣ್ಣೆಲ್ಲ ಕೆಂಪು, ಬೆಳೆಯೆಲ್ಲ ಆಲೂಗಡ್ಡೆ. ಜುಲೈ ತಿಂಗಳಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿ, ನೇರಿಳೆ ಹೂಗಳು. ಓಲಿಯರಿ ಎಂಬ ಊರಿನಲ್ಲಿ ಆಲೂಗಡ್ಡೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಬಾಗಿಲಲ್ಲಿ ಎರಡಾಳೆತ್ತರದ ಗಡ್ಡೆಯ ಪ್ರತಿಮೆ. ಕ್ಯಾವೆಂಡಿಷ್ ಎಂಬಲ್ಲಿ, ಆನ್ ಎಂಬ ಅನಾಥ ಹುಡುಗಿಯ ಪ್ರಸಿದ್ಧ ಕಥೆಗೆ ಸ್ಫೂರ್ತಿಯಾದ ಹಸುರು ಮಾಡಿನ ಮನೆಯನ್ನೂ ನೋಡಿದೆವು. ಹೊಲದ ಕೆಲಸಕ್ಕೆ ಹುಡುಗ ಬೇಕೆಂದು ಕೇಳಿದ ಮನೆಗೆ ತಪ್ಪಿ ಬಂದು ಅಲ್ಲಿಯೇ ಉಳಿದ ಹುಡುಗಿಯ ಕಥೆ ಅದು, 1908ರಲ್ಲಿ ಪ್ರಕಟವಾದದ್ದು. ಇವರು ಆ ಮನೆಯ ಅಡಿಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದರು.

ದ್ವೀಪವನ್ನು ಮುಖ್ಯಭೂಮಿಗೆ ಕೂಡಿಸುವ ಸೇತುವೆ 12.9 ಕಿಲೋಮೀಟರ್ ಉದ್ದದ್ದು, 1997ರಲ್ಲಿ ತೆರೆದದ್ದು. ಅದರ ಒಂದು ವಿಚಿತ್ರ ಪದ್ಧತಿ ನಮಗೆ ಮೋಜೆನಿಸಿತು. ಬರುವವರಿಂದ ಸುಂಕ ತೆಗೆದುಕೊಳ್ಳುವುದಿಲ್ಲ, ಹೋಗುವಾಗ ಮಾತ್ರ ಕಟ್ಟಬೇಕು. ಆ ವರ್ಷ ಒಂದು ಕಾರಿಗೆ ಐವತ್ತು ಡಾಲರಿನಷ್ಟಿತ್ತು.

ಮಗಳು ಅದಾಗಲೇ ದ್ವೀಪದ ಪಶ್ಚಿಮ ಭಾಗದಲ್ಲಿ, ಆಲೂಗಡ್ಡೆಯನ್ನು ತೊಳೆದು ಚೀಲಕ್ಕೆ ತುಂಬಿ ಕಳಿಸುವ ಒಂದು ಉದ್ಯಮದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅದು ಎರಡನೆಯ ದರ್ಜೆಯ ಕೆಲಸ. ಧಣಿ ಅಟ್ಲಾಂಟಿಕ್ ಕಾರ್ಯಕ್ರಮದ ಮಾನ್ಯತೆ ಪಡೆದವನು. ಅಲ್ಲಿಯೇ ಎರಡು ವರ್ಷ ಓದಿ, ಪದವಿಗೆ ಹಿಂದಿನ ಎರಡು ವರ್ಷಗಳಲ್ಲಿ ಹದಿನಾರು ತಿಂಗಳಾದರೂ ಆ ಪ್ರಾಂತ್ಯಗಳಲ್ಲಿ ವಾಸವಿದ್ದ ಪದವೀಧರರಿಗೆ ಈ ಕಾರ್ಯಕ್ರಮದಲ್ಲಿ ಪೂರ್ವಾನುಭವ ಬೇಕಿಲ್ಲ. ಇತರ ಕೆಲಸಗಾರರಿಗೆ 1,560 ಗಂಟೆಗಳ ಅನುಭವ ಬೇಕು. ಆದರೆ ಓದು ಮುಗಿದ ಎರಡು ವರ್ಷಗಳೊಳಗೆ ಅರ್ಜಿ ಹೋಗಬೇಕು, ಅಂದರೆ 2025ರ ಮೇ ತಿಂಗಳೊಳಗೆ.

ಸಂದರ್ಶನಕ್ಕೆ ಕರೆ ಬಂತು. ನಾವೂ ಕಾರಿನಲ್ಲಿ ಜೊತೆಗೆ ಹೋಗಿ ಹೊರಗೆ ಕುಳಿತೆವು. ಒಳಗೆ ನಡೆದುದನ್ನು ಆಮೇಲೆ ಹೇಳಿದಳು. ಆಲೂಗಡ್ಡೆಯ ವಿಷಯ ನಿನಗೇನು ಗೊತ್ತು ಎಂದು ಆ ಮುದುಕ ಕೇಳಿದನಂತೆ. ಹಾಸನಕ್ಕೆ ಬಿತ್ತನೆ ಗಡ್ಡೆ ಜಲಂಧರದಿಂದ ಬರುವುದನ್ನೂ, ಕಣ್ಣು ಲೆಕ್ಕ ಮಾಡಿ ಹೋಳು ಕತ್ತರಿಸುವುದನ್ನೂ, ಅಂಗಮಾರಿಯ ಕಪ್ಪು ಮಚ್ಚೆಯನ್ನೂ ಇವಳು ವರ್ಣಿಸಿದಳಂತೆ. ಅವನಿಗೆ ಸಂತೋಷವಾಯಿತು. ಕೊನೆಯಲ್ಲಿ ಒಂದು ಪ್ರಶ್ನೆ: "ಇಲ್ಲಿ ಇರುವೆಯಾ?" ಇದೇ ಕಾರ್ಯಕ್ರಮದಲ್ಲಿ ಅವನು ಹಿಂದೆ ಇಬ್ಬರನ್ನು ತೆಗೆದುಕೊಂಡಿದ್ದನು, ಖಾಯಂ ವಾಸದ ಪತ್ರ ಕೈಗೆ ಬಂದ ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ಹೇಳದೆ ಕೇಳದೆ ಹೊರಟುಹೋಗಿದ್ದರು. ಮಗಳು "ಯೋಚಿಸಿ ಹೇಳುವೆ" ಎಂದು ಬಂದುಬಿಟ್ಟಳು.

ನಾವು ಕೋಪಗೊಂಡೆವು. ಎಂತಹ ಅವಕಾಶ! "ಇರುವೆನೆಂದು ಹೇಳಿಬಿಡಬಾರದಿತ್ತೆ? ಮಾತಿಗೇನು ಖರ್ಚು?" ಎಂದೆವು. ನಾವು ಅದಾಗಲೇ ಓದಿ ತಿಳಿದಿದ್ದ ಕಾನೂನನ್ನೂ ಉಪದೇಶಿಸಿದೆವು. 1982ರ ಹಕ್ಕುಗಳ ಸನ್ನದಿನ 6ನೆಯ ವಿಧಿಯಂತೆ ಖಾಯಂ ನಿವಾಸಿಯಾದವನು ಕೆನಡಾದ ಯಾವ ಪ್ರಾಂತ್ಯಕ್ಕಾದರೂ ಹೋಗಿ ನೆಲೆಸಿ ದುಡಿಯಬಹುದು. ಅರ್ಜಿಯಲ್ಲಿ ಕೇಳುವುದು ಆ ಹೊತ್ತಿನ ಉದ್ದೇಶವನ್ನು ಮಾತ್ರ. ಮುಂದೆ ಉದ್ದೇಶ ಬದಲಾಯಿತೆಂದರೆ ಯಾರೂ ತಡೆಯಲಾರರು.

ಅವಳು ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಅಪ್ಪಾಜಿ, ಬದಲಾದರೆ ಸರಿ. ಹೋಗಬೇಕೆಂದು ಮೊದಲೇ ನಿರ್ಧರಿಸಿ ಇರುವೆನೆಂದು ಬರೆದರೆ ಅದು ಸುಳ್ಳಲ್ಲವೆ? ತರಗತಿಯಲ್ಲಿ ನೀವು ಹೇಳಿಕೊಟ್ಟದ್ದು ಇದನ್ನೆ?"

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸತ್ಯ ನುಡಿಯಬೇಕೆಂದು ಪಾಠ ಮಾಡಿದ ನಮಗೆ ಆ ರಾತ್ರಿ ಊಟ ಸೇರಲಿಲ್ಲ. ಸಲಹೆಗಾರರ ಮಾತಿನಲ್ಲಿದ್ದ ಎರಡನೆಯ ತಪ್ಪು ಇದೇ ಆಗಿತ್ತು. ಅದನ್ನು ನಾವು ಮೂರು ವರ್ಷ ನಮ್ಮ ಮಾತೆಂದೇ ಆಡಿಕೊಂಡು ಬಂದಿದ್ದೆವು. ಟೊರೊಂಟೊದಲ್ಲಿರುವ ನಮ್ಮ ಬಂಧುಗಳಿಗೂ ಹಾಗೆಯೇ ಹೇಳಿಟ್ಟಿದ್ದೆವು. ಆ ದ್ವೀಪದವರಿಗೆ ಇದು ಹೊಸ ಅನುಭವವೂ ಅಲ್ಲ. ಅಲ್ಲಿ ವ್ಯಾಪಾರ ಆರಂಭಿಸುವೆನೆಂದು ಠೇವಣಿ ಕಟ್ಟಿ ಖಾಯಂ ವಾಸ ಪಡೆಯುವ ಒಂದು ಯೋಜನೆಯಿತ್ತು; ಅನೇಕ ಧನಿಕರು ವ್ಯಾಪಾರವನ್ನೇ ತೆರೆಯದೆ, ಠೇವಣಿ ಹೋದರೆ ಹೋಗಲಿ ಎಂದು ಬಿಟ್ಟು ಬೇರೆಡೆಗೆ ನಡೆದರು. 2018ರಲ್ಲಿ ಆ ಯೋಜನೆಯನ್ನೇ ಮುಚ್ಚಬೇಕಾಯಿತು. ಅವರು ತಮ್ಮ ಮಾತನ್ನು ಹಣಕ್ಕೆ ಬಿಡಿಸಿಕೊಂಡರು. ನಾವು ಹಣವನ್ನೂ ಕೊಡದೆ ಬಿಡಿಸಿಕೊಳ್ಳಲು ಹೊರಟಿದ್ದೆವು.

ನಾಲ್ಕು ದಿನ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ. ಆ ನಡುವೆ ಪರಿಚಯವಿಲ್ಲದವನೊಬ್ಬ ದೂರವಾಣಿ ಮಾಡಿ, ಇಷ್ಟು ಸಾವಿರ ಡಾಲರು ಕೊಟ್ಟರೆ ಉದ್ಯೋಗಪತ್ರ ಬರೆಸಿಕೊಡುವೆನೆಂದನು. ಉದ್ಯೋಗವನ್ನು ಹಣಕ್ಕೆ ಮಾರುವುದು ಅಲ್ಲಿ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಹುಡುಗರ ಅರ್ಜಿಯೇ ತಿರಸ್ಕೃತವಾಗಿ ಐದು ವರ್ಷ ಪ್ರವೇಶ ನಿಷೇಧವಾಗಬಹುದು. ಓದುಗರು ಇಂಥವರ ವಿಷಯದಲ್ಲಿ ಎಚ್ಚರದಿಂದಿರಬೇಕೆಂದು ಪ್ರಾರ್ಥಿಸುವೆವು.

ಐದನೆಯ ದಿನ ಬೆಳಿಗ್ಗೆ ಮಗಳು ತಾನೇ ಕಾರು ನಡೆಸಿಕೊಂಡು ಹೋದಳು. "ಇಲ್ಲಿ ಇರಬೇಕೆಂದು ಈಗ ನನ್ನ ಮನಸ್ಸಿನಲ್ಲಿದೆ. ಮನಸ್ಸು ಬದಲಾದರೆ ಮೊದಲು ನಿಮಗೇ ಹೇಳುವೆ" ಎಂದು ಹೇಳಿ ಬಂದಳು. ಇದು ಜಾಣತನದ ಉತ್ತರವೆಂದುಕೊಂಡು ನಾವು ಒಳಗೊಳಗೆ ಹಿಗ್ಗಿದೆವು. ಅವಳು ನಮ್ಮ ಮುಖ ನೋಡಿ ಮತ್ತೆ ಹೇಳಿದಳು, "ನಿಜವಾಗಿ ಇದೆ, ಅಪ್ಪಾಜಿ." ಆಗ ಇವರು ಎದ್ದು ಒಳಗೆ ಹೋದರು. ಹಕ್ಕು ಸಿಕ್ಕಿ ಒಂದೆರಡು ವರ್ಷ ದುಡಿದು ಸಾಲ ತೀರಿಸಿ ಊರಿಗೆ ಮರಳುವಳೆಂಬ ಒಂದು ಎಳೆಯನ್ನು ಅವರು ಯಾರಿಗೂ ಹೇಳದೆ ಹಿಡಿದುಕೊಂಡಿದ್ದರು. ಖಾಯಂ ಎಂಬ ಶಬ್ದದ ಅರ್ಥ ಅಂದು ನಮ್ಮ ಮನೆಗೆ ಬಂತೆಂದು ಹೇಳಬೇಕು.

ಮುಂದಿನದು ಕಾಗದಪತ್ರಗಳ ಕೆಲಸ. ಧಣಿಯ ಉದ್ಯೋಗಪತ್ರ, ಇಂಗ್ಲಿಷ್ ಪರೀಕ್ಷೆಯ ಅಂಕಗಳು, ಊರಿನಲ್ಲಿ ನೆಲೆಯೂರಲು ಬೇಕಾದ ಸಹಾಯದ ಬಗ್ಗೆ ಅಲ್ಲಿಯ ಸೇವಾಸಂಸ್ಥೆಯವರು ಉಚಿತವಾಗಿ ಮಾಡಿಕೊಡುವ ಯೋಜನೆ ಇವೆಲ್ಲ ಸೇರಿ ಪ್ರಾಂತ್ಯಕ್ಕೆ ಹೋದುವು. ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರಕಾರ ಮುಂದಿನ ವರ್ಷಗಳ ವಲಸೆಯನ್ನು ಬಹಳವಾಗಿ ತಗ್ಗಿಸುವುದಾಗಿ ಸಾರಿದಾಗ ನಾವು ಊರಿಗೆ ಮರಳಿದ್ದೆವು. ಪ್ರಾಂತೀಯ ನಾಮನಿರ್ದೇಶನದ ಗುರಿ 2024ರಲ್ಲಿ 1,10,000 ಇದ್ದದ್ದು 2025ಕ್ಕೆ 55,000 ಆಯಿತು. ಅಟ್ಲಾಂಟಿಕ್ ಕಾರ್ಯಕ್ರಮದ್ದು 6,500ರಿಂದ 5,000ಕ್ಕೆ ಇಳಿಯಿತು. ನವೆಂಬರಿನಲ್ಲಿ ಪ್ರಾಂತ್ಯದ ಅನುಮೋದನೆ ಬಂತು. 2025ರ ಜನವರಿಯಲ್ಲಿ 1,525 ಡಾಲರು ಶುಲ್ಕದೊಂದಿಗೆ ಕೇಂದ್ರಕ್ಕೆ ಅರ್ಜಿ ಹೋಯಿತು. ಅದು ಇನ್ನೂ ಇತ್ಯರ್ಥವಾಗಿಲ್ಲ. ಪರವಾನಗಿಯ ಅವಧಿ ಮುಗಿದರೆ ಪ್ರಾಂತ್ಯದ ಶಿಫಾರಸಿನ ಮೇಲೆ ಅದೇ ಧಣಿಯ ಬಳಿ ದುಡಿಯಲು ಎರಡು ವರ್ಷದವರೆಗೆ ಬೇರೊಂದು ಪರವಾನಗಿ ಸಿಗುವ ಏರ್ಪಾಡಿದೆ.

ನಮ್ಮ ಷಡ್ಡಕರು ತಮ್ಮ ಮಗನನ್ನೂ ಅದೇ ದಾರಿಯಲ್ಲಿ ಕಳಿಸಬೇಕೆಂದು ಬಂದು ಕೇಳಿದರು. ಆ ದಾರಿ ಈಗ ಇಲ್ಲವೆಂದು ಹೇಳಬೇಕಾಯಿತು. 2024ರ ನವೆಂಬರ್ 1ರ ಮೇಲೆ ಅಧ್ಯಯನ ಪರವಾನಗಿಗೆ ಅರ್ಜಿ ಹಾಕಿದವರು ಕಾಲೇಜಿನ ಡಿಪ್ಲೊಮಾ ಓದಿದರೆ, ಆರೋಗ್ಯ, ಕೃಷಿ, ಕುಶಲಕರ್ಮ ಮುಂತಾದ ಗೊತ್ತುಮಾಡಿದ ವಿಷಯಗಳಿಗೆ ಮಾತ್ರ ಆಮೇಲೆ ಕೆಲಸದ ಪರವಾನಗಿ. ನಮ್ಮ ಮಗಳ ವ್ಯವಹಾರ ಶಾಸ್ತ್ರ ಆ ಪಟ್ಟಿಯಲ್ಲಿಲ್ಲ. 2026ಕ್ಕೆ ನಾಮನಿರ್ದೇಶನದ ಗುರಿಯನ್ನು ಮತ್ತೆ 91,500ಕ್ಕೆ ಏರಿಸಿರುವುದೂ ನಿಜ. ಏರಿದ್ದು ಇಳಿಯುವುದನ್ನು ಕಂಡ ಮೇಲೆ ಆ ಅಂಕಿಯನ್ನು ನಂಬಿ ಜಮೀನು ಬರೆದುಕೊಡಿರೆಂದು ಹೇಳಲು ನಮಗೆ ಧೈರ್ಯ ಬರಲಿಲ್ಲ. "ಹುಡುಗನಿಗೆ ಆ ಊರಿನಲ್ಲಿ ಬಾಳುವ ಮನಸ್ಸಿದೆಯೆ, ಅದನ್ನು ಮೊದಲು ಕೇಳಿರಿ" ಎಂದೆವು. ಅವರಿಗೆ ಆ ಮಾತು ಹಿಡಿಸಲಿಲ್ಲ. ನಾವು ನಮ್ಮ ಮಗಳ ಕೆಲಸ ಮಾಡಿಸಿಕೊಂಡು ಇತರರಿಗೆ ಬಾಗಿಲು ಮುಚ್ಚುತ್ತಿದ್ದೇವೆಂದು ಆಡಿಕೊಂಡರೆಂದು ಕೇಳಿದೆವು.

ಮಗಳು ಈಗ ಓಲಿಯರಿಯ ಸಮೀಪದಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಿದ್ದಾಳೆ. ಷಾರ್ಲಟ್‌ಟೌನಿನ ಆ ಮುದುಕಿಯನ್ನು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುವಳು. ಕಳೆದ ವರ್ಷ ಸುಗ್ಗಿಯ ಸಮಯದಲ್ಲಿ ಚೀಲಗಳ ಲೆಕ್ಕ ಹಿಡಿಯುತ್ತಲೇ ದೂರವಾಣಿಯಲ್ಲಿ ಮಾತಾಡುತ್ತಿದ್ದಳು; ಅವಳ ದೊಡ್ಡಪ್ಪ ಇಲ್ಲಿಂದ ಗಡ್ಡೆಯ ಗಾತ್ರ ವಿಚಾರಿಸುತ್ತಿದ್ದರು. 2025ರ ಆಗಸ್ಟಿನಲ್ಲಿ ಸೇತುವೆಯ ಸುಂಕವನ್ನು 20 ಡಾಲರಿಗೆ ಇಳಿಸಿದರು. ಅದಾದ ಮರುವಾರ ಅವಳು ತೊಗರಿಬೇಳೆ, ಹುಣಿಸೆಹಣ್ಣು ತರಲೆಂದು ಆಚೆ ದಡದ ಮಾಂಕ್ಟನ್ ನಗರಕ್ಕೆ ಹೋಗಿದ್ದಳು. "ಹೋಗುವುದು ಈಗ ಅಗ್ಗವಾಯಿತಲ್ಲ" ಎಂದು ಇವರು ದೂರವಾಣಿಯಲ್ಲಿ ನಕ್ಕರು. ಸಂಜೆಯ ಹೊತ್ತಿಗೆ ಅವಳು ಮರಳಿ ದ್ವೀಪ ಸೇರಿ, ಬೇಳೆ ನೆನೆಹಾಕುತ್ತಿದ್ದಳು.